ಎಡಗೈಯ ಸುದ್ದಿ

ಕನ್ನಡಿ ಜಾರಿದಾಗ ಅಕ್ಕ ಪಕ್ಕಕ್ಕೆ ಸರಿಯಬೇಕಿತ್ತು. ಬುದ್ಧಿಯಿದ್ದವರು ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಕೋಟು ಹೊಲಿಯುವ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಕೂತು, ಮೇಜಿನಿಂದ ಜಾರುವ ವಸ್ತು ಬಟ್ಟೆಯಾಗಲಿ, ಕತ್ತರಿಯಾಗಲಿ, ಅದು ನೆಲ ಮುಟ್ಟುವ ಮೊದಲೇ ಹಿಡಿಯುವುದು ಅವಳ ಕೈಗೆ ರೂಢಿಯಾಗಿಬಿಟ್ಟಿತ್ತು. ಟ್ರಯಲ್ ರೂಮಿನ ಆಳೆತ್ತರದ ಕನ್ನಡಿ ಮೊಳೆ ಕಿತ್ತುಕೊಂಡು ಬಾಗಿದ್ದೇ ತಡ, ಎಡಗೈ ಅವಳನ್ನು ಒಂದು ಮಾತೂ ಕೇಳದೆ ಮುಂದೆ ಹೋಯಿತು. ಕನ್ನಡಿ ಚೂರಾಯಿತು, ಮಣಿಕಟ್ಟು ಕೊಯ್ದುಕೊಂಡಿತು.

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವರಾದ ಕಟಿಂಗ್ ಮಾಸ್ತರೂ ಅಕ್ಕ ಎನ್ನುತ್ತಿದ್ದರು. ಅಂಗಡಿ ಅವರದೇ. ಕತ್ತರಿಸುವುದು ಅವರು, ಮೆಷಿನ್ ತುಳಿಯುವುದು ಇಬ್ಬರು ಹೊಲಿಗೆಯವರು, ಕೊನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕೈಹೊಲಿಗೆ ಹಾಕುವುದು ಅಕ್ಕ. ಗುಂಡಿ ತೂರಿಸುವ ಕಾಜಾ ಅವಳ ಕೈಯಿಂದಲೇ ಆಗಬೇಕು. ಅವಳ ಕಾಜಾ ನೋಡಿಯೇ ಇದು ಇಂಥ ಅಂಗಡಿಯ ಕೋಟು ಎಂದು ಗುರುತು ಹಿಡಿಯುವ ಗಿರಾಕಿಗಳಿದ್ದರು.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಸದ್ಯ, ಎಡಗೈ. ಬಲಗೈ ಆಗಿದ್ದರೆ ಗತಿ ಏನು?"

ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಲಗೈಗೆ ಏನು ಗೊತ್ತು? ಅದು ಸೂಜಿ ಹಿಡಿದು ಹೇಳಿದಷ್ಟು ಮಾಡುತ್ತದೆ. ಬಟ್ಟೆಯ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ ಕೂತು, ಸೂಜಿಯ ಮೊನೆ ಎಲ್ಲಿ ಬಂತು, ಒಳಗಿನ ಕ್ಯಾನ್ವಾಸು ಎಲ್ಲಿ ಮಡಚಿಕೊಂಡಿತು, ದಾರ ಎಷ್ಟು ಬಿಗಿಯಾಯಿತು ಎಂದು ಸುದ್ದಿ ಕಳಿಸುವುದು ಎಡಗೈಯ ತೋರುಬೆರಳು. ಇದನ್ನು ಹೇಳಿದರೆ ಯಾರಿಗೂ ತಲೆಬುಡ ಅರ್ಥವಾಗುತ್ತಿರಲಿಲ್ಲ. ಮಾಸ್ತರಿಗೆ ಮಾತ್ರ ಹೇಳದೆಯೇ ಅರ್ಥವಾಗಿತ್ತು. ಅವರು ಮಂಚದ ಪಕ್ಕ ನಿಂತು ಬ್ಯಾಂಡೇಜನ್ನೇ ನೋಡಿ ಹೊರಟುಹೋದರು.

ಮಣಿಕಟ್ಟಿನ ನಡುವಿನ ನರ ತುಂಡಾಗಿತ್ತು. ಡಾಕ್ಟರು ಅದರ ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು. ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದೆ ಎಂದಾಗ ಅಕ್ಕನಿಗೆ ಅವರ ಮೇಲೆ ಸ್ವಲ್ಪ ಗೌರವ ಬಂತು.

"ಹಾಗಾದರೆ ಸರಿಹೋಯ್ತಲ್ಲ," ಅಂದಳು.

"ಹೊಲಿದದ್ದು ಮೇಲಿನ ಹೊದಿಕೆ ಅಷ್ಟೇ ಅಮ್ಮ," ಅಂದರು ಡಾಕ್ಟರು. "ನರ ಅಂದರೆ ಹೊರಗಿಂದ ಒಂದು ದಾರ, ಒಳಗೆ ಸಾವಿರಾರು ಎಳೆ. ಒಂದೊಂದು ಎಳೆಗೂ ಅದರದೇ ಒಂದು ಕೊಳವೆ. ಬೆರಳಿನ ಸುದ್ದಿ ಈ ಎಳೆಯಲ್ಲೇ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಮೆದುಳಿಗೆ ಹತ್ತುತ್ತೆ. ಕೊಯ್ದ ಜಾಗದಿಂದ ಕೆಳಗಿನ ಎಳೆಯೆಲ್ಲ ಈಗ ಸತ್ತುಹೋಗುತ್ತೆ, ಕೊಳವೆ ಮಾತ್ರ ಖಾಲಿ ಉಳಿಯುತ್ತೆ. ಮೇಲಿಂದ ಹೊಸ ಎಳೆ ಆ ಕೊಳವೆಯೊಳಗೆ ಬೆಳೀತಾ ಬೆರಳ ತುದಿವರೆಗೂ ಬರಬೇಕು."

"ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗಾ?"

ಡಾಕ್ಟರು ನಕ್ಕರು. "ಹಾಗೇ ಅಂದುಕೊಳ್ಳಿ. ಆದರೆ ಲಾಡಿ ಸಾವಿರಾರು, ಮುಂದೆ ಪಿನ್ನು ಚುಚ್ಚಿಲ್ಲ. ಯಾವ ಲಾಡಿ ಯಾವ ಕೊಳವೆಗೆ ನುಗ್ಗುತ್ತೆ ಅನ್ನೋದು ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರು ಬೆಳೀಬಹುದು."

ಮನೆಗೆ ಬಂದ ಅಕ್ಕ ಮೊದಲು ಮಾಡಿದ ಕೆಲಸ ಅಳತೆ ಟೇಪು ತೆಗೆದು ಮಣಿಕಟ್ಟಿನ ಗಾಯದಿಂದ ತೋರುಬೆರಳ ತುದಿಯವರೆಗೆ ಅಳೆದದ್ದು. ಎರಡು ಸಲ ಅಳೆದಳು. ಲೆಕ್ಕ ಹಾಕಿದರೆ ಚಳಿಗಾಲದ ಹೊತ್ತಿಗೆ ಬಂದು ಸೇರಬೇಕು. ಚಳಿಗಾಲವೇ ಕೋಟುಗಳ ಕಾಲ.

ಮಾಸ್ತರ ಮಗ ಹಿಂದಿನಿಂದಲೂ ಒಂದು ರಾಗ ಹಾಡುತ್ತಿದ್ದ. ಕಾಜಾ ಮೆಷಿನ್ ತರೋಣ ಅಪ್ಪ, ಒಂದು ನಿಮಿಷಕ್ಕೆ ಒಂದು ಕಾಜಾ. ಮಾಸ್ತರು ನೋಡೋಣ ಎನ್ನುತ್ತಿದ್ದರು. ಅವರ ನೋಡೋಣ ಎಂದರೆ ಅಡ್ಡಗೋಡೆಯ ಮೇಲೆ ಇಟ್ಟ ದೀಪ, ಈಚೆಗೂ ಇಲ್ಲ, ಆಚೆಗೂ ಇಲ್ಲ. ಈಗ ಮಗನ ರಾಗಕ್ಕೆ ತಾಳವೂ ಸಿಕ್ಕಂತಾಯಿತು. ಬ್ಯಾಂಡೇಜು ಬಿಚ್ಚಿದ ಮೇಲೆ ಅಕ್ಕ ಅಂಗಡಿಗೆ ಹೋದಾಗ ಮಾಸ್ತರು ಕಿಟಕಿ ಪಕ್ಕದ ಕುರ್ಚಿ ತೋರಿಸಿ ಹೇಳಿದರು: "ಚಳಿಗಾಲದ ಕೋಟು ಶುರುವಾಗೋವರೆಗೂ ಇದು ಖಾಲಿ ಇರುತ್ತೆ. ಆಮೇಲೆ ನನ್ನ ಮಾತು ನಡೆಯಲ್ಲ ಅಕ್ಕ."

"ಅಷ್ಟರಲ್ಲಿ ಬರ್ತೀನಿ," ಅಂದಳು ಅಕ್ಕ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅತ್ತೆ. ಗಂಡ ಸರಕು ಹಡಗಿನ ಅಡುಗೆಯವನು, ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುವವನು. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು. ಮಗ ತಂದುಕೊಟ್ಟ ಕಿವಿಯ ಮೆಷಿನ್ ಅಲಮಾರಿನ ಡಬ್ಬಿಯಲ್ಲಿ ಹೊಸದಾಗಿಯೇ ಮಲಗಿತ್ತು. ನನಗೆ ಎಲ್ಲ ಕೇಳಿಸುತ್ತೆ, ಜನ ಗೊಣಗೋದು ಜಾಸ್ತಿ ಆಗಿದೆ ಎನ್ನುವುದು ಅತ್ತೆಯ ವಾದ. ರೇಡಿಯೋವನ್ನು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹಾಕಿಕೊಂಡು ಕೂರುವುದು ಅವರ ದಿನಚರಿ.

ಒಂದು ಬೆಳಿಗ್ಗೆ ಅಕ್ಕ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಅತ್ತೆ ಒಳಗಿನಿಂದ ಮೂಗು ಹಿಂಡುತ್ತಾ ಬಂದರು. "ಏನು ಸುಡ್ತಿದ್ದೀಯ?"

"ಏನೂ ಇಲ್ಲವಲ್ಲ."

"ಕೈ ನೋಡ್ಕೋ."

ಎಡಗೈಯ ಎರಡು ಬೆರಳು ಇಸ್ತ್ರಿ ಪೆಟ್ಟಿಗೆಯ ಅಂಚಿಗೆ ಒರಗಿ ನಿಂತಿದ್ದವು, ಯಾರದೋ ಮನೆಯ ಬೆರಳುಗಳ ಹಾಗೆ. ಬೊಬ್ಬೆ ಎದ್ದಿತ್ತು. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಅಕ್ಕನಿಗೆ ಭಯವಾಯಿತು. ಗಾಯ ಆದ ದಿನವೂ ಅಷ್ಟು ಭಯವಾಗಿರಲಿಲ್ಲ.

ಕೈಗೆ ವ್ಯಾಯಾಮ ಮಾಡಿಸುವ ಥೆರಪಿಸ್ಟು ಇನ್ನೂ ಚಿಕ್ಕ ವಯಸ್ಸಿನವಳು, ಅಕ್ಕ ಅವಳಿಗೆ ಕೈ ಮೇಡಂ ಎಂದು ಹೆಸರಿಟ್ಟಿದ್ದಳು. ಬೊಬ್ಬೆ ನೋಡಿ ಅವಳು ಹೇಳಿದಳು: "ಬಿಸಿ ತಾಗಿದಾಗ ಕೈ ಹಿಂದೆ ಬರೋದು ನಾವು ಯೋಚನೆ ಮಾಡಿ ಅಲ್ಲ ಅಕ್ಕ. ಸುದ್ದಿ ಬೆನ್ನುಹುರಿ ಮುಟ್ಟಿದ ಕೂಡಲೇ ಅಲ್ಲಿಂದಲೇ ಅಪ್ಪಣೆ ವಾಪಸ್ ಬಂದುಬಿಡುತ್ತೆ. ಮೆದುಳಿಗೆ ಗೊತ್ತಾಗೋ ಹೊತ್ತಿಗೆ ಕೈ ಆಗಲೇ ಈಚೆ ಬಂದಿರುತ್ತೆ. ನಿಮ್ಮ ಬೆರಳಿಂದ ಆ ಸುದ್ದಿನೇ ಹೊರಡ್ತಾ ಇಲ್ಲ. ಸದ್ಯಕ್ಕೆ ಕಣ್ಣೇ ಕಾವಲು."

ಅವಳು ಮಣಿಕಟ್ಟಿನಿಂದ ಅಂಗೈಯವರೆಗೆ ಬೆರಳಲ್ಲಿ ಟಕಟಕ ತಟ್ಟುತ್ತಾ ಬರುತ್ತಿದ್ದಳು. ಒಂದು ಜಾಗಕ್ಕೆ ಬಂದಾಗ ಜುಮ್ಮೆನ್ನುತ್ತಿತ್ತು. ಎಳೆ ಅಲ್ಲಿವರೆಗೆ ಬಂದಿದೆ ಎಂದು ಅರ್ಥ. ಅಕ್ಕ ಮನೆಗೆ ಬಂದು ಆ ಜಾಗಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದಳು. ಸ್ನಾನಕ್ಕೆ ಹೋದರೆ ಅಳಿಸಿಹೋಗುತ್ತಿತ್ತು, ಮತ್ತೆ ತಟ್ಟಿ ಮತ್ತೆ ಎಳೆಯುತ್ತಿದ್ದಳು. ಗೆರೆ ಅಂಗೈ ದಾಟಿ ಬೆರಳ ಬುಡಕ್ಕೆ ಬಂತು.

ಆಮೇಲೆ ಬಂತು ಬಟ್ಟೆಯ ಪರೀಕ್ಷೆ. ಕೈ ಮೇಡಂ ಅಕ್ಕನಿಗಾಗಿಯೇ ಒಂದು ಚೀಲದಲ್ಲಿ ಬಟ್ಟೆಯ ತುಂಡುಗಳನ್ನು ತುಂಬಿ ತಂದಿದ್ದಳು. ಕಣ್ಣು ಮುಚ್ಚಿಕೊಂಡು ಎಡಗೈ ಬೆರಳುಗಳಲ್ಲಿ ಉಜ್ಜಿ ಹೆಸರು ಹೇಳಬೇಕು. ಮೊದಮೊದಲು ಅಕ್ಕ ತಡವರಿಸಿದಳು. ಕೆಲವು ವಾರ ಕಳೆದ ಮೇಲೆ ನೀರು ಕುಡಿದಷ್ಟು ಸುಲಭವಾಗಿ ಹೇಳತೊಡಗಿದಳು. ಪಾಪ್ಲಿನ್. ಕಾರ್ಡುರಾಯ್. ಟ್ಯಾಫೆಟಾ. ಇದು ಉಣ್ಣೆ, ಇದು ಉಣ್ಣೆ ಅಂತ ಸುಳ್ಳು ಹೇಳಿ ಮಾರಿದ ಮಿಶ್ರ ಬಟ್ಟೆ.

ಕೈ ಮೇಡಂ ಹಿಗ್ಗಿದಳು, ಹಿಗ್ಗಿದ ಹಾಗೇ ತಲೆಯನ್ನೂ ಕೆರೆದುಕೊಂಡಳು. ಸಣ್ಣ ನೈಲಾನ್ ಎಳೆಯಿಂದ ಬೆರಳ ತುದಿ ಮುಟ್ಟಿದರೆ ಅಕ್ಕನಿಗೆ ಏನೂ ತಿಳಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಮಾತ್ರ ನೂರಕ್ಕೆ ನೂರು. "ಬಹುಶಃ ನಿಮ್ಮ ಮೆದುಳು ತನಗೆ ಬೇಕಾದ್ದನ್ನ ಬೇಗ ಕಲೀತಿದೆ. ಆದರೂ ಸೂಜಿ ಇನ್ನೂ ಬೇಡ ಅಕ್ಕ. ಸ್ವಲ್ಪ ಕಾಯಿರಿ."

ಅಕ್ಕ ಮೊದಲನೆಯ ಮಾತನ್ನು ಮಾತ್ರ ಮನೆಗೆ ತಂದಳು. ಚಳಿ ಬೀಳತೊಡಗಿತ್ತು. ಮಾರನೆಯ ದಿನವೇ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು.

ಮಾಸ್ತರು ಅವಳ ಕೈಗೆ ಕೊಟ್ಟದ್ದು ಕೆನೆಬಣ್ಣದ ಉಣ್ಣೆಯ ಕೋಟು. ಯಾವುದೋ ವಾದ್ಯಗೋಷ್ಠಿಯಲ್ಲಿ ಪಿಟೀಲು ಬಾರಿಸುವವನದು, ಅವನು ಎದುರಿಗೇ ಕೂತು ಕಾಯುತ್ತಿದ್ದ. ಅಕ್ಕನ ಬಲಗೈ ಏನನ್ನೂ ಮರೆತಿರಲಿಲ್ಲ. ಸೂಜಿ ಒಳಗೆ, ದಾರದ ಕುಣಿಕೆ, ಎಳೆ, ಮತ್ತೆ ಒಳಗೆ. ಮೇಲಿನಿಂದ ನೋಡಿದರೆ ಕಾಜಾ ಹಳೆಯ ಕಾಜಾದ ಹಾಗೇ ಏಳುತ್ತಿತ್ತು. ಬಂದೆ ನೋಡಿ ಎಂದು ಅವಳ ಎದೆ ಉಬ್ಬಿತು. ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಗಿರಾಕಿಗೆ ತೋರಿಸಲು ಬಲಗೈಯಲ್ಲಿ ಕೋಟನ್ನು ಎತ್ತಿದಳು.

ಕೋಟಿನ ಜೊತೆ ಎಡಗೈಯೂ ಎದ್ದಿತು.

ಒಂದು ಕ್ಷಣ ಅವಳಿಗೇ ಅರ್ಥವಾಗಲಿಲ್ಲ. ಕೈ ಬಿಡಿಸಿಕೊಳ್ಳಲು ಎಳೆದಳು, ಬಟ್ಟೆ ಜಗ್ಗಿತು. ತೋರುಬೆರಳ ತುದಿಯ ಚರ್ಮವನ್ನು ಅಸ್ತರಿಗೆ ಸೇರಿಸಿ ಅಚ್ಚುಕಟ್ಟಾಗಿ ಹೊಲಿದುಬಿಟ್ಟಿದ್ದಳು. ಕೆನೆಬಣ್ಣದ ಮೇಲೆ ಕೆಂಪು ಹನಿಗಳು ಹರಡಿದ್ದವು. ಪಿಟೀಲಿನವನು ಮುಖ ತಿರುಗಿಸಿಕೊಂಡ.

ಮಾಸ್ತರು ಚಿಕ್ಕ ಕತ್ತರಿ ತಂದು, ಅವಳ ಪಕ್ಕ ಮಂಡಿಯೂರಿ ಕೂತು, ಒಂದೊಂದೇ ಹೊಲಿಗೆಯನ್ನು ಬಿಚ್ಚಿದರು. ಅಕ್ಕನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೋವಾಗಿದ್ದರೆ ಅಳಬಹುದಿತ್ತು. ನೋವೇ ಇರಲಿಲ್ಲ, ನಾಚಿಕೆ ಮಾತ್ರ ಇತ್ತು.

"ಈ ಚಳಿಗಾಲದ ಕಾಜಾ ಹೊರಗಡೆ ಕೊಟ್ಟು ಮಾಡಿಸ್ತೀನಿ," ಅಂದರು ಮಾಸ್ತರು ಕೊನೆಗೆ. "ಮುಂದಿನ ಚಳಿಗಾಲಕ್ಕೆ ಮೆಷಿನ್ ಬರುತ್ತೆ. ನಾನು ಮಗನಿಗೆ ಮಾತು ಕೊಟ್ಟಾಯ್ತು. ಅಷ್ಟರೊಳಗೆ..."

ಮನೆಯಲ್ಲಿ ಅಕ್ಕ, ಅಭ್ಯಾಸಕ್ಕೆಂದು ಕೈ ಮೇಡಂ ಕೊಟ್ಟಿದ್ದ ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಸುರಿದಳು. ಪರೀಕ್ಷೆಯಲ್ಲಿ ನೂರಕ್ಕೆ ನೂರು, ಕೆಲಸದಲ್ಲಿ ಬೆರಳೇ ಇಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ? ಕಣ್ಣು ಮುಚ್ಚಿ ಒಂದು ತುಂಡು ತೆಗೆದುಕೊಂಡಳು, ಉಜ್ಜಿದಳು. ಪಕ್ಕದಲ್ಲಿ ಅತ್ತೆಯ ರೇಡಿಯೋ ವಾರ್ತೆ ಒದರುತ್ತಿತ್ತು. ಮತ್ತೆ ಉಜ್ಜಿದಳು. ಯಾವ ಬಟ್ಟೆಯೂ ಗುರುತು ಸಿಗಲಿಲ್ಲ.

"ಅತ್ತೆ, ಆ ರೇಡಿಯೋ ಸ್ವಲ್ಪ ಆರಿಸಿ," ಎಂದು ಕೂಗಿದಳು. "ಇದು ಯಾವ ಬಟ್ಟೆ ಅಂತ ಗೊತ್ತಾಗ್ತಿಲ್ಲ."

ಅತ್ತೆ ಅವಳ ತುಟಿ ನೋಡಿಕೊಂಡು ಮಾತು ಹಿಡಿದರು. ರೇಡಿಯೋ ಆರಿಸಿದರು. ಅಕ್ಕ ಉಜ್ಜಿದಳು. "ಟ್ಯಾಫೆಟಾ," ಅಂದಳು.

ಅತ್ತೆ ರೇಡಿಯೋವನ್ನು ಮತ್ತೆ ಹಾಕಿದರು. ಬೇರೊಂದು ತುಂಡನ್ನು ಸೊಸೆಯ ಬೆರಳಿಗೆ ಸಿಕ್ಕಿಸಿದರು. ಅಕ್ಕ ಉಜ್ಜಿ ಉಜ್ಜಿ ಸುಮ್ಮನಾದಳು. ಅತ್ತೆ ರೇಡಿಯೋ ಆರಿಸಿದರು.

"ಕಾರ್ಡುರಾಯ್."

"ಕಣ್ಣು ಬಿಡು," ಅಂದರು ಅತ್ತೆ. "ನಿನ್ನ ಬೆರಳಿಗೂ ನನ್ನ ರೇಡಿಯೋಗೂ ಏನು ನಂಟು?"

ಟ್ಯಾಫೆಟಾ ಚರಚರ ಎನ್ನುತ್ತದೆ. ಕಾರ್ಡುರಾಯ್ ಗರಗಸದ ಹಾಗೆ ಗೀರುತ್ತದೆ. ಪಾಪ್ಲಿನ್ ಪಿಸುಗುಟ್ಟುತ್ತದೆ. ಉಣ್ಣೆ ಸದ್ದು ಮಾಡುವುದಿಲ್ಲ, ಆದರೆ ಅದಕ್ಕೊಂದು ವಾಸನೆಯಿದೆ. ಬಟ್ಟೆಯ ನಡುವೆಯೇ ಬದುಕಿದವಳ ಕಿವಿ ಮತ್ತು ಮೂಗು ಬೆರಳಿನ ಕೆಲಸವನ್ನು ಅವಳಿಗೂ ಹೇಳದೆ ತಾವೇ ವಹಿಸಿಕೊಂಡು, ಕೈ ಮೇಡಂ ಕಣ್ಣಿಗೂ ಅವಳ ಕಣ್ಣಿಗೂ ಮಣ್ಣೆರಚಿದ್ದವು. ಬೇರೆ ಯಾರಿಗೂ ಈ ತಪ್ಪು ಮಾಡಲು ಬರುತ್ತಿರಲಿಲ್ಲ. ದಿನಸಿ ಅಂಗಡಿಯವಳಾಗಿದ್ದರೆ ಮೊದಲ ವಾರವೇ ಪರೀಕ್ಷೆಯಲ್ಲಿ ಬಿದ್ದು ಬಚಾವಾಗುತ್ತಿದ್ದಳು.

"ನಾನು ಬೇಕಂತ ಮಾಡಲಿಲ್ಲ ಅತ್ತೆ."

"ಗೊತ್ತು ಬಿಡು." ಅತ್ತೆ ಕುರ್ಚಿ ಎಳೆದುಕೊಂಡು ಎದುರು ಕೂತರು. ಅವರ ನಾಲಿಗೆ ಅಪರೂಪಕ್ಕೆ ಮೆತ್ತಗಾಗಿತ್ತು. "ನಾನೂ ಬೇಕಂತ ಮಾಡ್ತಿಲ್ಲ. ನೀನು ಕಿವಿಯಿಂದ ಮುಟ್ಟಿದೆ, ನಾನು ಕಣ್ಣಿಂದ ಕೇಳ್ತಿದ್ದೀನಿ. ನಿನ್ನ ತುಟಿ ಕಾಣದೇ ಹೋದರೆ ನೀನು ಏನು ಅಂದೆ ಅಂತ ನನಗೆ ಒಂದು ಅಕ್ಷರ ತಿಳಿಯಲ್ಲ. ಎಷ್ಟು ವರ್ಷ ಆಯ್ತೋ ಏನೋ."

ಇಷ್ಟು ವರ್ಷದಲ್ಲಿ ಅತ್ತೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕ ಎದ್ದು ಅಲಮಾರಿನಿಂದ ಕಿವಿಯ ಮೆಷಿನ್ನಿನ ಡಬ್ಬಿ ತಂದು ಅವರ ಮುಂದಿಟ್ಟಳು.

"ಒಂದು ಒಪ್ಪಂದ ಮಾಡ್ಕೊಳ್ಳೋಣ. ನಾನು ಕಿವಿಗೆ ಹತ್ತಿ ತುರುಕ್ಕೋತೀನಿ. ನೀವು ಇದನ್ನ ಹಾಕ್ಕೋಬೇಕು."

"ನನ್ನ ಕಿವಿ ಏನು ಕಾಜಾ ಹೊಲಿಯುತ್ತಾ?"

"ನನ್ನನ್ನ ಕಾಯೋರು ಬೇಕಲ್ಲ ಅತ್ತೆ. ನಾನು ಕಳ್ಳತನ ಮಾಡಿದರೆ ಹಿಡಿಯೋರು ಬೇಕು. ಬಟ್ಟೆಯ ಸದ್ದು ಕೇಳಿಸದೇ ಇರೋರು ಹೇಗೆ ಹಿಡೀತಾರೆ?"

ಅತ್ತೆ ಮೂಗು ಮುರಿದರು. ಡಬ್ಬಿಯನ್ನು ಮಾತ್ರ ಆಚೆ ತಳ್ಳಲಿಲ್ಲ.

ಕೈ ಮೇಡಂ ಈ ಕಥೆ ಕೇಳಿ ಮೊದಲು ನಕ್ಕಳು, ಆಮೇಲೆ ಮುಖ ಸಪ್ಪಗೆ ಮಾಡಿಕೊಂಡಳು. "ತಪ್ಪು ನನ್ನದೂ ಇದೆ. ಆ ನೈಲಾನ್ ಎಳೆ ಹೇಳಿದ್ದನ್ನ ನಾನು ನಂಬಬೇಕಿತ್ತು. ಮೊದಲಿಂದ ಶುರು ಮಾಡೋಣ. ಮಾಡ್ತೀರಾ?"

"ಮಾಡದೆ ಇನ್ನೇನು ಮಾಡಲಿ," ಅಂದಳು ಅಕ್ಕ.

ಆಗಲೇ ಅವಳು ಪಟ್ಟು ಹಿಡಿದದ್ದು. ಬಟ್ಟೆಯ ತುಂಡುಗಳನ್ನೆಲ್ಲ ಒಂದೇ ಸೋಪಿನಲ್ಲಿ ಒಗೆದು ವಾಸನೆ ಕಳೆದಳು. ಸದ್ದು ಮಾಡದಿರಲೆಂದು ಒದ್ದೆಯಾಗಿಯೇ ಇಟ್ಟುಕೊಂಡಳು. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ. ಅತ್ತೆ ಚಮಚದ ಹಿಡಿಯಿಂದ ಒಂದೊಂದು ಬೆರಳನ್ನೂ ಮುಟ್ಟುವುದು, ಅಕ್ಕ ಯಾವ ಬೆರಳು ಎಂದು ಹೇಳುವುದು. ಮೊದಮೊದಲು ಹೇಳಲು ಏನೂ ಇರಲಿಲ್ಲ. ಗಂಟೆಗಟ್ಟಲೆ ಕೂತರೂ ಖಾಲಿ ಕೋಣೆಯಲ್ಲಿ ಯಾರನ್ನೋ ಕರೆದ ಹಾಗೆ. ಅತ್ತೆ ಬೇಸರದಿಂದ ಆಕಳಿಸುತ್ತಿದ್ದರು. ಅಕ್ಕ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ.

ಅತ್ತೆಯ ಕಿವಿಯದೂ ಅದೇ ಪಾಡು. ಮೆಷಿನ್ ಹಾಕಿದ ಮೊದಲ ದಿನ ಕಿತ್ತು ಬಿಸಾಡಲು ಹೊರಟರು. ನಲ್ಲಿಯ ನೀರು ಕಲ್ಲು ಸುರಿದ ಹಾಗೆ, ಸ್ವಂತ ಚಪ್ಪಲಿಯ ಸದ್ದು ಯಾರೋ ಬೆನ್ನಟ್ಟಿ ಬಂದ ಹಾಗೆ. ಕಿವಿಯ ಡಾಕ್ಟರು ಹೇಳಿದರಂತೆ, ನಿಮ್ಮ ಮೆದುಳು ಇಷ್ಟು ದಿನ ಸದ್ದೇ ಕೇಳಿಲ್ಲ ಅಜ್ಜಿ, ಯಾವುದನ್ನು ಕೇಳಬೇಕು ಯಾವುದನ್ನು ಬಿಡಬೇಕು ಅಂತ ಅದು ಮತ್ತೆ ಕಲಿಯಬೇಕು ಎಂದು. ಅತ್ತೆ ಮನೆಗೆ ಬಂದು, "ನನ್ನ ವಯಸ್ಸಿಗೆ ನನ್ನ ಮೆದುಳನ್ನ ಶಾಲೆಗೆ ಕಳಿಸಬೇಕಂತೆ," ಎಂದು ಗೊಣಗಿದರು. ಆದರೆ ಮೆಷಿನ್ ತೆಗೆಯಲಿಲ್ಲ. ಸೊಸೆ ಪಟ್ಟಿ ಕಟ್ಟಿಕೊಂಡು ಕೂತಿರುವಾಗ ತಾವು ಹೇಗೆ ತೆಗೆಯುವುದು? ಅಷ್ಟು ಸುಲಭಕ್ಕೆ ಸೋಲುವ ಹೆಂಗಸಲ್ಲ ಅವರು.

ಒಂದು ದಿನ ಪಾತ್ರೆ ತೊಳೆದು ಬಂದ ಅಕ್ಕನ ಕೈಯನ್ನು ಅತ್ತೆ ಹಿಡಿದೆಳೆದರು. ಗಾಯವಾದಾಗಿನಿಂದ ಎಷ್ಟು ಹೊತ್ತು ನೀರಿನಲ್ಲಿದ್ದರೂ ಆ ಬೆರಳುಗಳು ನುಣ್ಣಗೇ ಇರುತ್ತಿದ್ದವು, ಕಿರುಬೆರಳೊಂದು ಮಾತ್ರ ಬೇರೆ ನರದ ಕೃಪೆಯಿಂದ ಸುಕ್ಕುಗಟ್ಟುತ್ತಿತ್ತು. ನರ ಇಲ್ಲದ ಬೆರಳು ನೀರಲ್ಲಿ ನೆರಿಗೆ ಬೀಳಲ್ಲ ಎಂದು ಕೈ ಮೇಡಂ ಹೇಳಿದ್ದಳು. ಅತ್ತೆ ಅವನ್ನು ಮದುವೆ ಹೆಣ್ಣಿನ ಬೆರಳು ಎಂದು ಆಡಿಕೊಳ್ಳುತ್ತಿದ್ದರು. ಈಗ ತೋರುಬೆರಳ ತುದಿಯಲ್ಲಿ ಸಣ್ಣ ಸಣ್ಣ ನೆರಿಗೆಗಳಿದ್ದವು.

"ನೋಡು, ಮುದುಕಿಯ ಬೆರಳಾಯ್ತು," ಅಂದರು ಅತ್ತೆ. ಅಕ್ಕ ಆ ನೆರಿಗೆಗಳನ್ನು ನೋಡಿ ಮನಸಾರೆ ಅತ್ತಳು.

ಆದರೆ ಎಳೆ ಬಂದು ಸೇರಿದ್ದು ಕೆಲಸದ ಅರ್ಧ ಭಾಗ ಮಾತ್ರ. ಚಮಚ ತೋರುಬೆರಳನ್ನು ಮುಟ್ಟಿದರೆ ಅಕ್ಕ ನಡುಬೆರಳು ಅನ್ನುತ್ತಿದ್ದಳು. ನಡುಬೆರಳನ್ನು ಮುಟ್ಟಿದರೆ ಹೆಬ್ಬೆರಳು. ಕಣ್ಣು ಬಿಟ್ಟು ನೋಡಿದರೆ ಒಂದು ಕಡೆ ಮುಟ್ಟುತ್ತಿದೆ, ಒಳಗೆ ಇನ್ನೊಂದು ಕಡೆ ಕರೆಗಂಟೆ ಬಾರಿಸುತ್ತಿದೆ.

"ಎಳೆಗಳು ತಪ್ಪು ಕೊಳವೆಗೆ ಸೇರಿವೆ," ಅಂದಳು ಕೈ ಮೇಡಂ. "ಮೆದುಳಿಗೆ ಗೊತ್ತಿರೋದು ಹಳೇ ವಿಳಾಸ. ಈ ಎಳೆಯಲ್ಲಿ ಬಂದದ್ದು ನಡುಬೆರಳಿನ ಸುದ್ದಿ ಅಂತ ಅದು ಹುಟ್ಟಿದಾಗಿಂದ ನಂಬಿದೆ. ಎಳೆಯನ್ನ ಇನ್ನು ಬದಲಾಯಿಸೋಕೆ ಆಗಲ್ಲ. ಮೆದುಳಿನ ನಂಬಿಕೆಯನ್ನ ಬದಲಾಯಿಸಬಹುದು. ನೋಡ್ತಾ ಮುಟ್ಟಿ, ಆಮೇಲೆ ಕಣ್ಣು ಮುಚ್ಚಿ ಅದನ್ನೇ ಮುಟ್ಟಿ. ಸಾಕು ಅನ್ನಿಸೋವರೆಗೂ ಅಲ್ಲ. ಸಾಕು ಅನ್ನಿಸಿದ ಮೇಲೂ."

ಅಕ್ಕ ಅದನ್ನೇ ಮಾಡಿದಳು. ನೋಡುತ್ತಾ ಮುಟ್ಟಿ, ಕಣ್ಣು ಮುಚ್ಚಿ ಮುಟ್ಟಿ. ಗುಂಡಿಗಳನ್ನು ಬಟ್ಟಲಿಗೆ ಸುರಿದು ನಾಲ್ಕು ತೂತಿನದು ಯಾವುದು, ಎರಡು ತೂತಿನದು ಯಾವುದು ಎಂದು ಬೇರ್ಪಡಿಸಿದಳು. ಗಂಡ ರಜೆಗೆ ಬಂದವನು ಹೆಂಡತಿ ಕಿವಿ ಮುಚ್ಚಿಕೊಂಡು, ಅಮ್ಮ ಕಿವಿ ತೆರೆದುಕೊಂಡು ಕೂತದ್ದನ್ನು ನೋಡಿ, ತಪ್ಪು ಮನೆಗೆ ಬಂದೆನೇನೋ ಎಂದು ತಮಾಷೆ ಮಾಡಿದ. ಅತ್ತೆ ಅವನನ್ನು ಅಡುಗೆಮನೆಗೆ ಅಟ್ಟಿದರು. ಕೆಲವು ದಿನ ಅಕ್ಕನ ಬೆರಳಿನಲ್ಲಿ ಇರುವೆ ಹರಿದ ಹಾಗೆ, ಕೆಲವು ದಿನ ಮುಟ್ಟಿದ್ದೆಲ್ಲ ಮುಳ್ಳಿನ ಹಾಗೆ ಆಗುತ್ತಿತ್ತು. ಒಂದು ಸಂಜೆ ಗುಂಡಿಯ ಬಟ್ಟಲನ್ನು ಗೋಡೆಗೆ ಎಸೆದಳು. ಅತ್ತೆ ನೆಲದ ಮೇಲೆ ಕೂತು ಗುಂಡಿಗಳನ್ನು ಆರಿಸತೊಡಗಿದರು. ಅವರೊಬ್ಬರೇ ಆರಿಸುವುದನ್ನು ನೋಡಲಾಗದೆ ಅಕ್ಕ ಕೆಳಗೆ ಕೂತು ಎಡಗೈಯಲ್ಲೇ ಆರಿಸಿದಳು.

ತೋರುಬೆರಳು ಕಡೆಗೂ ಪೂರ್ತಿ ತೋರುಬೆರಳಾಗಲಿಲ್ಲ. ಮುಟ್ಟಿದ್ದು ಮೊದಲು ನಡುಬೆರಳಲ್ಲೇ ಜುಮ್ಮೆನ್ನುತ್ತಿತ್ತು. ಆದರೆ ನಡುಬೆರಳು ಹೀಗೆ ಜುಮ್ಮೆಂದರೆ ಅದು ತೋರುಬೆರಳು ಎಂದು ಅಕ್ಕನಿಗೆ ಯೋಚಿಸದೆಯೇ ತಿಳಿಯುವಂತಾಯಿತು.

ಮುಂದಿನ ಚಳಿಗಾಲ ಬಂದಾಗ ಅವಳು ಅಂಗಡಿಗೆ ಹೋದಳು. ಕಿಟಕಿ ಪಕ್ಕದ ಕುರ್ಚಿಯನ್ನು ಮೂಲೆಗೆ ಸರಿಸಿದ್ದರು. ಅದು ಇದ್ದ ಜಾಗದಲ್ಲಿ ಮೆಷಿನ್ ಇಡಲು ನೆಲಕ್ಕೆ ಗುರುತು ಹಾಕಿತ್ತು. ಮಾಸ್ತರ ಮಗ ಆ ಗುರುತಿನ ಪಕ್ಕ ನಿಂತಿದ್ದ.

"ನಾಳೆ ಬರುತ್ತೆ ಮೆಷಿನ್," ಅಂದ. ಅವನ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. "ನೀವು ಬೇರೆ ಕೆಲಸ ನೋಡ್ಕೊಳ್ಳಬಹುದು ಅಕ್ಕ. ಗಿರಾಕಿಗಳ ಜೊತೆ ಮಾತಾಡೋದು, ಅಳತೆ ಬರ್ಕೊಳ್ಳೋದು."

"ನಾಳೆ ತಾನೆ ಬರೋದು," ಅಂದಳು ಅಕ್ಕ. ಕುರ್ಚಿಯನ್ನು ತಾನೇ ಎಳೆದು ತಂದು ಆ ಗುರುತಿನ ಮೇಲೇ ಇಟ್ಟು ಕೂತಳು. ಮಾಸ್ತರ ಕಡೆ ಕೈ ಚಾಚಿದಳು. "ಒಂದು ಕೋಟು ಕೊಡಿ ಮಾಸ್ತರೇ. ಕೆನೆಬಣ್ಣದ್ದೇ ಕೊಡಿ."

ಮಾಸ್ತರು ಮಗನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಈ ಸಲ ನೋಡೋಣ ಅನ್ನಲಿಲ್ಲ. ಗೂಟದಿಂದ ಕೆನೆಬಣ್ಣದ ಕೋಟನ್ನು ತೆಗೆದು ಅವಳ ಮಡಿಲಿಗೆ ಹಾಕಿದರು.

ಅಕ್ಕ ಪರ್ಸಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು. ಸೂಜಿ ಬಟ್ಟೆಯೊಳಗೆ ಹೋಗುವಾಗ ಪುಟ್ಟ ಸದ್ದು ಮಾಡುತ್ತದೆ. ಅದನ್ನು ನಂಬಿ ಮತ್ತೆ ಮೋಸಹೋಗುವ ಮನಸ್ಸು ಅವಳಿಗಿರಲಿಲ್ಲ. ಹೊಲಿಗೆಯವರು ಮೆಷಿನ್ ನಿಲ್ಲಿಸಿ ನೋಡಿದರು. ಅಂಗಡಿಯೆಲ್ಲ ಮೌನವಾಯಿತೋ ಗದ್ದಲವಾಯಿತೋ ಅವಳಿಗೆ ತಿಳಿಯಲಿಲ್ಲ.

ಸೂಜಿ ಒಳಗೆ ಹೋಯಿತು. ಬಟ್ಟೆಯ ಅಡಿಯಲ್ಲಿ ಎಡಗೈ ಕತ್ತಲಲ್ಲಿ ದಾರಿ ಹುಡುಕುವವರ ಹಾಗೆ ನಿಧಾನವಾಗಿ ಸರಿಯಿತು. ಕ್ಯಾನ್ವಾಸಿನ ಅಂಚು ಇಲ್ಲಿದೆ. ಮಡಿಕೆ ಇಲ್ಲಿ. ದಾರದ ಎಳೆತ ಇಷ್ಟು. ಸುದ್ದಿ ಮಂಕಾಗಿ ಬರುತ್ತಿತ್ತು, ಒಂದು ಬೆರಳು ತಪ್ಪಿ ಬರುತ್ತಿತ್ತು, ಆದರೆ ಬರುತ್ತಿತ್ತು. ಹಿಂದೆ ಮಾತಾಡುತ್ತಾ ಮಾಡುತ್ತಿದ್ದ ಕೆಲಸಕ್ಕೆ ಈಗ ಹಣೆಯಲ್ಲಿ ಬೆವರೊಡೆಯಿತು. ಅರ್ಧ ದಾಟಿದ ಮೇಲೆ ಒಂದು ಕಡೆ ಎಡಗೈ ಥಟ್ಟನೆ ಬಟ್ಟೆಯಿಂದ ಹೊರಗೆ ಬಂದುಬಿಟ್ಟಿತು. ಯಾಕೆ ಬಂತು ಎಂದು ಅವಳಿಗೆ ಗೊತ್ತಾದದ್ದು ಆಮೇಲೆ. ನಡುಬೆರಳಲ್ಲಿ ಚುರುಕ್ಕೆಂದಿತು. ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು, ಗೀರು ಕೂಡ ಇರಲಿಲ್ಲ. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಬಟ್ಟೆಯ ಅಡಿಗೆ ಕಳಿಸಿದಳು.

ಕಾಜಾ ಮುಗಿದಾಗ ಮಾಸ್ತರು ಕೋಟನ್ನು ಎತ್ತಿಕೊಂಡರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಕಾಜಾದ ಅಂಚನ್ನು ಸವರಿದರು. ಒಂದು ಕಡೆ ಹೆಬ್ಬೆರಳು ನಿಂತಿತು. ಅವರ ತುಟಿ ಅಲ್ಲಾಡಿತು. ಅಕ್ಕ ಹತ್ತಿ ತೆಗೆದಳು.

"ಇಲ್ಲಿ ಒಂದು ಹೊಲಿಗೆ ಸಡಿಲ," ಅನ್ನುತ್ತಿದ್ದರು ಮಾಸ್ತರು.

"ಹೌದು. ಅಲ್ಲಿ ಸೂಜಿ ಬೆರಳಿಗೆ ತಾಗ್ತು."

"ತಾಗಿದ್ದು ನಿನಗೆ ಗೊತ್ತಾಯ್ತಾ?"

"ನನಗಿಂತ ಮೊದಲು ಕೈಗೆ ಗೊತ್ತಾಯ್ತು. ತಾನಾಗೇ ಹಿಂದೆ ಬಂತು. ಆ ಹೊಲಿಗೆ ಬಿಚ್ಚಿ ಮತ್ತೆ ಹಾಕ್ತೀನಿ, ಕೊಡಿ."

ಮಾಸ್ತರು ಕೊಡಲಿಲ್ಲ. ಆ ಒಂದು ಸಡಿಲ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡೇ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ಕೊನೆಗೆ ಮಗನ ಕಡೆ ತಿರುಗಿ, "ಆ ಮೆಷಿನ್ ಇಡೋಕೆ ಬೇರೆ ಜಾಗ ನೋಡು," ಅಂದರು. ಕೋಟನ್ನು ಅಕ್ಕನ ಮಡಿಲಿಗೆ ಹಿಂತಿರುಗಿಸಿದರು.

"ಆ ಹೊಲಿಗೆ ಹಾಗೇ ಇರಲಿ," ಅಂದರು. "ಮಿಕ್ಕ ಕಾಜಾ ಯಾರು ಮಾಡ್ತಾರೆ, ನಾನಾ?"

ಅಕ್ಕ ಹತ್ತಿಯನ್ನು ಮತ್ತೆ ಕಿವಿಗೆ ತುರುಕಿಕೊಂಡು ಸೂಜಿಗೆ ದಾರ ಪೋಣಿಸಿದಳು.